ಪುಟ್ಟ ಮಗುವನ್ನು ಶಾಲೆಗೆ ಸೇರಿಸುವ ಮುನ್ನ

ಸಂಕ್ರಾಂತಿ ಸಮೀಪಿಸುವ ಹೊತ್ತಿಗೆ ನಮ್ಮ ಊರುಗಳಲ್ಲಿ ‘ಅಡ್ಮಿಷನ್ ಓಪನ್’ ಎಂಬ ಬ್ಯಾನರುಗಳು ಏಳುತ್ತವೆ. ಪ್ಲೇಹೋಮ್, ನರ್ಸರಿ, ಮಾಂಟೆಸರಿ, ಹೆಸರು ಏನೇ ಇರಲಿ, ಎರಡು ವರ್ಷ ದಾಟಿದ ಮಗುವಿರುವ ಮನೆಗಳಲ್ಲಿ ಆಗ ಒಂದೇ ಚರ್ಚೆ: ಈ ಜೂನ್‌ಗೇ ಸೇರಿಸುವುದೋ, ಇನ್ನೊಂದು ವರ್ಷ ಕಾಯುವುದೋ? ಉತ್ತರಕ್ಕಾಗಿ ಎಲ್ಲರೂ ಮಗುವಿನ ಮುಖ ನೋಡುತ್ತಾರೆ. ಬಣ್ಣ ಗುರುತಿಸುತ್ತದೆಯೇ, ಹತ್ತರವರೆಗೆ ಎಣಿಸುತ್ತದೆಯೇ, ರೈಮ್ಸ್ ಒಪ್ಪಿಸುತ್ತದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಮಗು ದಿನಕ್ಕೆ ಮೂರು ಗಂಟೆ ಕಳೆಯಬೇಕಾದ ಕೋಣೆಯನ್ನು ಮಾತ್ರ ಅಷ್ಟು ಕಟ್ಟುನಿಟ್ಟಾಗಿ ಯಾರೂ ಪರೀಕ್ಷಿಸುವುದಿಲ್ಲ. ಮಗು ಶಾಲೆಗೆ ತಯಾರಾಗಿದೆಯೇ ಎನ್ನುವುದಕ್ಕಿಂತ, ಶಾಲೆ ಈ ವಯಸ್ಸಿನ ಮಗುವಿಗೆ ತಯಾರಾಗಿದೆಯೇ ಎನ್ನುವುದೇ ಮೊದಲು ಕೇಳಬೇಕಾದ ಪ್ರಶ್ನೆ ಎಂದು ನನಗೆ ಅನಿಸುತ್ತದೆ.

ಮಗುವಿನ ಕಡೆಯಿಂದ ನೋಡಬೇಕಾದದ್ದು ಇಲ್ಲವೆಂದಲ್ಲ, ಆದರೆ ಅದು ಬಹಳ ಸ್ವಲ್ಪ. ಹಸಿವು, ಬಾಯಾರಿಕೆ, ನೋವು, ಶೌಚದ ಅವಸರ, ಇವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲದೇ? ಅಪ್ಪ ಅಮ್ಮನಲ್ಲದ ಇನ್ನೊಬ್ಬ ಹಿರಿಯರು ಎತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಸಮಾಧಾನವಾಗುತ್ತದೆಯೇ? ಅಗಲಿಕೆಯ ಭಯ ಹುಟ್ಟಿದ ಒಂದು ವರ್ಷದ ಆಚೀಚೆ ತೀವ್ರವಾಗಿರುತ್ತದೆ, ಮೂರರ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಹೊರಗೆ ಹೋದ ಅಮ್ಮ ಮರಳಿ ಬರುತ್ತಾಳೆ ಎಂಬ ಭರವಸೆ ಅಷ್ಟರಲ್ಲಿ ಮಗುವಿನಲ್ಲಿ ಬೇರೂರಿರುತ್ತದೆ. ಬರವಣಿಗೆಯ ವಿಷಯವೇ ಬೇರೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಹಲವು ಇನ್ನೂ ಮೃದ್ವಸ್ಥಿಯ ಸ್ಥಿತಿಯಲ್ಲೇ ಇರುತ್ತವೆ. ಆ ಕೈಗೆ ಪೆನ್ಸಿಲ್ ಕೊಟ್ಟು ಸಾಲು ತಪ್ಪದಂತೆ ಅಕ್ಷರ ತಿದ್ದಿಸುವುದು ದೇಹಕ್ಕೇ ಸಲ್ಲದ ಕೆಲಸ. ನಮ್ಮ ಅಕ್ಷರಾಭ್ಯಾಸದಲ್ಲಿ ಹಿರಿಯರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ. ಮರುದಿನ ಅದು ತಾನೇ ಬರೆಯಬೇಕೆಂದು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ.

ಕೋಣೆಯೊಳಗೆ ನಡೆಯುವುದೇ ಮುಖ್ಯ ಎನ್ನಲು ಎರಡು ದೊಡ್ಡ ಅನುಭವಗಳು ನಮ್ಮ ಮುಂದಿವೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಪೆರಿ ಪ್ರೀಸ್ಕೂಲ್ ಎಂಬ ಪ್ರಯೋಗ ಶುರುವಾಯಿತು. ಮೂರು–ನಾಲ್ಕು ವರ್ಷದ 123 ಬಡ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಪ್ರೀಸ್ಕೂಲ್ ಒದಗಿಸಿದರು. ಒಬ್ಬ ಶಿಕ್ಷಕಿಗೆ ಐದಾರು ಮಕ್ಕಳಷ್ಟೇ. ವಾರಕ್ಕೊಮ್ಮೆ ಶಿಕ್ಷಕಿ ಮಗುವಿನ ಮನೆಗೇ ಹೋಗಿ ತಾಯಿಯ ಜೊತೆ ಕೂರುತ್ತಿದ್ದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಂಡ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತರ ವಯಸ್ಸಿನಲ್ಲಿ ವಿಚಾರಿಸಿದಾಗ, ಪ್ರೀಸ್ಕೂಲಿಗೆ ಹೋಗಿದ್ದವರಲ್ಲಿ ಉದ್ಯೋಗದಲ್ಲಿದ್ದವರು ಹೆಚ್ಚು, ಅವರ ಸಂಪಾದನೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಉಳಿದದ್ದು ಅಂಕಿ ಅಕ್ಷರದ ಲಾಭವಲ್ಲ, ಸ್ವಭಾವದಲ್ಲಿ ಆದ ಬೆಳವಣಿಗೆ. ಇನ್ನೊಂದು ಅನುಭವ ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಅಲ್ಲಿ 1997ರಿಂದ ದಿನಕ್ಕೆ ಐದು ಡಾಲರಿನಲ್ಲಿ ಶಿಶುಪಾಲನಾ ಕೇಂದ್ರಗಳು ಸಿಗತೊಡಗಿದವು. ತಾಯಂದಿರು ಹೆಚ್ಚು ಸಂಖ್ಯೆಯಲ್ಲಿ ಕೆಲಸಕ್ಕೆ ಹೋಗುವಂತಾಯಿತು, ಅದು ಒಳ್ಳೆಯದೇ. ಆದರೆ ಅರ್ಥಶಾಸ್ತ್ರಜ್ಞರ ಅಧ್ಯಯನದಲ್ಲಿ ಪುಟ್ಟ ಮಕ್ಕಳ ಆತಂಕವೂ ಸಿಡುಕೂ ಹೆಚ್ಚಿದ್ದು ಕಂಡಿತು. ಕೇಂದ್ರಗಳು ಅವಸರದಲ್ಲಿ ಹೆಚ್ಚಿದವು, ಎಲ್ಲ ಕಡೆ ಗುಣಮಟ್ಟ ಒಂದೇ ಇರಲಿಲ್ಲ. ಎರಡೂ ಕಡೆ ಮಕ್ಕಳು ಮನೆಯಿಂದ ಹೊರಗೆ ಹೋದರು. ವಯಸ್ಸಿನಲ್ಲೂ ಮನೆಯ ಸ್ಥಿತಿಯಲ್ಲೂ ವ್ಯತ್ಯಾಸವಿತ್ತು, ನಿಜ. ಆದರೂ ಅಲ್ಲಿ ಅವರನ್ನು ಯಾರು, ಎಷ್ಟು ಮಕ್ಕಳ ನಡುವೆ, ಹೇಗೆ ನೋಡಿಕೊಂಡರು ಎಂಬ ಅಂತರವನ್ನು ಬದಿಗಿಡಲಾಗದು.

ತಡಮಾಡಿದರೆ ಮಗು ಹಿಂದೆ ಬೀಳುವುದಿಲ್ಲವೇ ಎಂಬ ಅಳುಕು ಸಹಜ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದನೇ ತರಗತಿಗೆ ಆರು ವರ್ಷ ಎನ್ನುತ್ತದೆ, ಅದಕ್ಕೆ ಮೊದಲು ಮೂರು ವರ್ಷದ ಶಾಲಾಪೂರ್ವ ಶಿಕ್ಷಣ. ಅಂದರೆ ಆ ನೀತಿಯ ಪ್ರಕಾರವೂ ಆರಂಭ ಮೂರು ತುಂಬಿದ ಮೇಲೆ. ನಮ್ಮ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣವೂ ಮೂರರಿಂದ ಆರು ವರ್ಷದವರಿಗೇ. ಎರಡೂವರೆಗೆ ಮನೆಯಲ್ಲಿರುವ ಮಗು ಯಾರಿಗಿಂತಲೂ ಹಿಂದಿಲ್ಲ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಇನ್ನೂ ಮುಂದೆ ಹೋಗಿ, ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕ ಬೇಡ, ಪರೀಕ್ಷೆಗಳು ಈ ಹಂತಕ್ಕೆ ತಕ್ಕವಲ್ಲ ಎಂದಿದೆ. ಹೋಮ್‌ವರ್ಕ್ ಕೊಡುವ ನರ್ಸರಿಯೇ ಒಳ್ಳೆಯ ನರ್ಸರಿ ಎಂದು ನಂಬಿರುವ ತಂದೆತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಬ್ಬರೂ ದುಡಿಯುವ ಮನೆಯಲ್ಲಿ, ಅಜ್ಜಿ ತಾತ ಜೊತೆಗಿಲ್ಲದ ಬಾಡಿಗೆ ಮನೆಯಲ್ಲಿ, ಕಾಯುವ ಅವಕಾಶವೇ ಎಲ್ಲಿದೆ? ಇದು ನ್ಯಾಯವಾದ ಮಾತು. ಅಂಥ ತಾಯಿಯ ಮೇಲೆ ಅಪರಾಧ ಹೊರಿಸುವ ಹಕ್ಕು ಯಾರಿಗೂ ಇಲ್ಲ. ಆ ಮನೆಗೆ ಬೇಕಿರುವುದು ಪಾಲನೆ, ಪಾಠವಲ್ಲ. ಕೂಲಿ ಮಾಡುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಆ ಅಗತ್ಯವನ್ನು ಸರಿಯಾಗಿ ಗುರುತಿಸಿವೆ. ಎರಡು ವರ್ಷದ ಮಗುವಿಗೆ ಪ್ಲೇಹೋಮ್ ಹುಡುಕುವವರು ಹೊತ್ತಿಗೆ ಊಟ, ನಿದ್ದೆಗೆ ಜಾಗ, ದಿನವೂ ಬದಲಾಗದ ಆಯಾ ಇದ್ದಾರೆಯೇ ಎಂದು ನೋಡಲಿ. ಮನೆಯಲ್ಲಿ ಜೊತೆ ಮಕ್ಕಳಿಲ್ಲದೆ ದಿನವಿಡೀ ಮೊಬೈಲಿನ ಮುಂದೆ ಕೂರುವ ಮಗುವಿಗಂತೂ ಒಳ್ಳೆಯ ಶಿಶುವಿಹಾರ ಬೇಗ ಸಿಕ್ಕಷ್ಟೂ ಒಳ್ಳೆಯದು. ಎರಡು ತುಂಬಿದರೂ ಎರಡು ಪದ ಕೂಡಿಸಿ ಮಾತಾಡದ ಮಗುವನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಶಾಲೆಗೆ ಹೋದರೆ ತಾನೇ ಮಾತು ಬರುತ್ತದೆ ಎಂದು ಕಾಯಬಾರದು.

ಹಾಗಾಗಿ, ಫೀಸು ಕಟ್ಟುವ ಮುನ್ನ ಶಾಲೆ ನಡೆಯುವ ವೇಳೆಯಲ್ಲಿ ಅರ್ಧ ಗಂಟೆ ಅಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ. ಗೋಡೆಯ ಚಿತ್ರಗಳನ್ನು ನೋಡಬೇಡಿ, ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ ನೋಡಿ. ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಬೈಗುಳ ಸಿಗುತ್ತದೆಯೋ, ಬಟ್ಟೆ ಬದಲಾಗುತ್ತದೆಯೋ ನೋಡಿ. ಮಗು ಮನೆಯಲ್ಲಿ ಆಡುವ ಕನ್ನಡಕ್ಕೋ ತುಳುವಿಗೋ ಉರ್ದುವಿಗೋ ಅಲ್ಲಿ ಉತ್ತರ ಕೊಡುವವರಿದ್ದಾರೆಯೇ ಕೇಳಿ. ಮೊದಲ ವಾರ ನೀವೂ ಜೊತೆಗಿರಬಹುದೇ ಎಂದು ವಿಚಾರಿಸಿ. ಇಷ್ಟಕ್ಕೂ ಒಪ್ಪುವ ಜಾಗ ಸಿಕ್ಕಿದರೆ ಮೂರು ವರ್ಷದ ಮಗುವನ್ನು ನಿಶ್ಚಿಂತೆಯಿಂದ ಸೇರಿಸಿ. ಒಪ್ಪದಿದ್ದರೆ, ಆ ಶಾಲೆ ಎಷ್ಟೇ ಹೆಸರುವಾಸಿಯಾಗಿರಲಿ, ಬೇರೆ ಕಡೆ ಹುಡುಕಿ.