ಗೆಳೆಯ ಬೆಟ್ಟ ಓಡುವಾಗ

ನಿಮ್ಮ ಆಪ್ತ ಗೆಳೆಯನೊಬ್ಬ ಬಂದು, "ಇಪ್ಪತ್ತನಾಲ್ಕು ಗಂಟೆಯೊಳಗೆ ನಲವತ್ತೆರಡು ಬೆಟ್ಟ ಹತ್ತಿ ಇಳಿಯಬೇಕು ಅಂತಿದ್ದೇನೆ, ನನ್ನ ಜೊತೆಗಿರುತ್ತೀಯಾ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಾನು "ಆಗಲಿ" ಎಂದೆ. ಜೊತೆಗಿರುವುದು ಎಂದರೆ ಏನೆಂದು ತಿಳಿಯದೆ ಆಡಿದ ಮಾತು ಅದು. ತಿಳಿಯಲು ಎರಡು ವರ್ಷ ಹಿಡಿಯಿತು.

ಆಗ ನಾನು ಉದ್ಯೋಗದ ನಿಮಿತ್ತ ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿದ್ದೆ. ಗೆಳೆಯ ಅಲ್ಲಿಯವನೇ, ನನ್ನ ಸಹೋದ್ಯೋಗಿ. ನಮ್ಮ ಊರಿಗೆ ಹತ್ತಿರದಲ್ಲೇ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆ. ಕವಿ ವರ್ಡ್ಸ್‌ವರ್ತ್ ಬಾಳಿದ ನಾಡು ಎಂದರೆ ನಿಮ್ಮಲ್ಲಿ ಅನೇಕರಿಗೆ ಗುರುತು ಸಿಕ್ಕೀತು. ಅಲ್ಲಿನ ಬೆಟ್ಟಗಳನ್ನು 'ಫೆಲ್' ಎನ್ನುತ್ತಾರೆ. ಬಹು ಹಿಂದೆ ನಾರ್ವೆ ಕಡೆಯಿಂದ ಬಂದು ನೆಲೆಸಿದವರು ಬಿಟ್ಟುಹೋದ ಪದ. ಎತ್ತರದ ಲೆಕ್ಕದಲ್ಲಿ ಇವು ದೊಡ್ಡವಲ್ಲ. ಇಂಗ್ಲೆಂಡಿಗೇ ಎತ್ತರವಾದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೆ ಅಲ್ಲಿ ಮೇಲೆ ಮರದ ಮರೆಯಿಲ್ಲ. ಕಾಲಿಟ್ಟಲ್ಲಿ ಸಡಿಲ ಕಲ್ಲು, ಇಲ್ಲವೆ ಜವುಗು. ನಿಂತ ನಿಲುವಿನಲ್ಲೇ ಮಂಜು ಕವಿದು ಪಕ್ಕದಲ್ಲಿದ್ದವರೂ ಕಾಣದಂತಾಗುತ್ತದೆ. ಜೂನ್ ತಿಂಗಳಲ್ಲೂ ಬೆರಳು ಮರಗಟ್ಟುವ ಚಳಿ ಬರುವುದುಂಟು.

1932ರ ಜೂನ್ ತಿಂಗಳಲ್ಲಿ, ಕೆಸ್ವಿಕ್ ಪಟ್ಟಣದಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬಾತ ಈ ಸೀಮೆಯ ನಲವತ್ತೆರಡು ಶಿಖರಗಳನ್ನು 23 ಗಂಟೆ 39 ನಿಮಿಷಗಳಲ್ಲಿ ಸುತ್ತಿ ಬಂದ. ಕಾಲಲ್ಲಿ ಟೆನ್ನಿಸ್ ಬೂಟು, ಮೈಮೇಲೆ ಪೈಜಾಮದ ಅಂಗಿ ಎಂದು ಹೇಳುತ್ತಾರೆ. ಮುಂದಿನ 28 ವರ್ಷ ಮತ್ತೊಬ್ಬರಿಂದ ಅದು ಆಗಲಿಲ್ಲ. 1960ರಲ್ಲಿ ಅಲನ್ ಹೀಟನ್ ಎಂಬಾತ ಮಾಡಿ ತೋರಿಸಿದ. ಆಮೇಲೆ ಅದೊಂದು ಪರಂಪರೆಯೇ ಆಯಿತು. ಈವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಈ ಸುತ್ತನ್ನು ಮುಗಿಸಿದ್ದಾರೆ. 2022ರಲ್ಲಿ ಜ್ಯಾಕ್ ಕುಯೆಂಜ಼್ಲಿ ಎಂಬ ಅಮೆರಿಕದ ಓಟಗಾರ ಹನ್ನೆರಡೂವರೆ ಗಂಟೆಯೊಳಗೇ ಮುಗಿಸಿದ. ಅಂಥವರ ಮಾತು ಬೇರೆ. ನನ್ನ ಗೆಳೆಯನಂಥವರಿಗೆ ಇಪ್ಪತ್ತನಾಲ್ಕು ಗಂಟೆಯ ಗಡುವೇ ದೊಡ್ಡದು. ಒಟ್ಟು ದೂರ ಸುಮಾರು 106 ಕಿಲೋಮೀಟರ್. ಹತ್ತಿದ್ದನ್ನೆಲ್ಲ ಕೂಡಿಸಿದರೆ ಸುಮಾರು 8,200 ಮೀಟರ್.

ಇಲ್ಲಿ ಒಂದು ನಿಯಮವನ್ನು ಗಮನಿಸಿ. 1971ರಲ್ಲಿ ಸ್ಥಾಪನೆಯಾದ ಬಾಬ್ ಗ್ರಹಾಂ ಕ್ಲಬ್ಬಿನ ಸದಸ್ಯತ್ವ ಬೇಕಾದರೆ ಒಬ್ಬರೇ ಓಡಿ ಬಂದು "ಮುಗಿಸಿದೆ" ಎಂದರೆ ಸಾಲದು. ಪ್ರತಿ ಶಿಖರದಲ್ಲೂ ಜೊತೆಯಲ್ಲೊಬ್ಬ ಸಾಕ್ಷಿ ಇರಬೇಕು. ಜೊತೆಗಾರ ಗಡಿಯಾರ ನೋಡಿ ವೇಳೆ ಬರೆದುಕೊಳ್ಳುತ್ತಾನೆ, ದಾರಿ ಹುಡುಕುತ್ತಾನೆ, ನೀರು, ತಿಂಡಿ, ಒಣ ಬಟ್ಟೆ ಹೊರುತ್ತಾನೆ. ಸ್ಕಾಫೆಲ್ ಪೈಕಿನಿಂದ ಪಕ್ಕದ ಸ್ಕಾಫೆಲ್‌ಗೆ ಹೋಗುವಲ್ಲಿ ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆಯಿದೆ. ಅದನ್ನು ಹತ್ತಿಸುವುದಕ್ಕಾಗಿಯೇ ಒಬ್ಬ ಪುಣ್ಯಾತ್ಮ ಹಗ್ಗ ಹಿಡಿದು ಮೊದಲೇ ಹೋಗಿ ಚಳಿಯಲ್ಲಿ ಕಾದು ಕೂತಿರುತ್ತಾನೆ. ಗಂಟೆಗಟ್ಟಲೆ ಕಾಯುವುದು, ಕೆಲಸ ಐದೇ ನಿಮಿಷದ್ದು. ಯಾರಿಗೂ ಸಂಬಳವಿಲ್ಲ.

ನಾನು ಓಡುವವನಲ್ಲ. ಆದ್ದರಿಂದ ನನಗೆ ರಸ್ತೆಯ ಕೆಲಸ ಬಂತು. ಕೆಸ್ವಿಕ್‌ನಿಂದ ಹೊರಟು ಕೆಸ್ವಿಕ್‌ಗೇ ಮರಳುವ ಈ ಸುತ್ತು ನಾಲ್ಕು ಕಡೆ ರಸ್ತೆಯ ಬಳಿಗೆ ಇಳಿಯುತ್ತದೆ: ಥ್ರೆಲ್ಕೆಲ್ಡ್, ಡನ್‌ಮೇಲ್ ರೇಸ್, ವಾಸ್ಡೇಲ್, ಹಾನಿಸ್ಟರ್. ಅಲ್ಲೆಲ್ಲ ಕಾರಿನಲ್ಲಿ ಮುಂಚಿತವಾಗಿ ಹೋಗಿ ಚಹಾ ಕಾಯಿಸಿ, ಒಣ ಕಾಲುಚೀಲ ತೆಗೆದಿಟ್ಟು ಕಾಯಬೇಕು. ಸುಲಭ ಎನ್ನಿಸುತ್ತದಲ್ಲವೇ? ಬೆಟ್ಟದ ಮೇಲಿನವನು ನೇರ ಅಡ್ಡಹಾಯುತ್ತಾನೆ, ಕಾರಿನವನು ಇಡೀ ಪರ್ವತ ಸುತ್ತಬೇಕು. ಡನ್‌ಮೇಲ್‌ನಿಂದ ವಾಸ್ಡೇಲ್‌ಗೆ ಹಾರ್ಡ್‌ನಾಟ್ ಎಂಬ ಕಣಿವೆಮಾರ್ಗ ಹಿಡಿದರೆ, ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ತಿರುವುಗಳು. ನಿದ್ದೆಗೆಟ್ಟ ಕಣ್ಣಿನಲ್ಲಿ ಆ ರಸ್ತೆ ಯಾರಿಗೂ ಬೇಡ.

ಹೊರಡುವ ಮೊದಲು ಗೆಳೆಯ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದ. "ನಾನು ಬಿಟ್ಟುಬಿಡುತ್ತೇನೆ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಾನು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ, ಆಗ ನಾನು ಬೇಡ ಅಂದರೂ ನಿಲ್ಲಿಸು." ಮೈಯ ಬಿಸಿ ಇಳಿದಾಗ ಬುದ್ಧಿ ಮಂಕಾಗುತ್ತದೆ, ನಾಲಿಗೆ ತೊಡರುತ್ತದೆ. ಆ ಸ್ಥಿತಿಯಲ್ಲಿ ತಾನು ಚೆನ್ನಾಗಿದ್ದೇನೆ ಎಂದೇ ಆ ಮನುಷ್ಯ ಹೇಳಬಹುದು. ನಾನು ತಲೆಯಾಡಿಸಿದೆ.

ಮೊದಲನೆಯ ಪ್ರಯತ್ನ 2018ರ ಜೂನ್‌ನಲ್ಲಿ. ಬಿಸಿಲು ಜೋರಾಗಿತ್ತು. ಸಂಜೆ ಏಳಕ್ಕೆ ಕೆಸ್ವಿಕ್‌ನ ಮೂಟ್ ಹಾಲ್ ಕಟ್ಟಡದ ಬಾಗಿಲು ಮುಟ್ಟಿ ಹೊರಟವನು ರಾತ್ರಿಯಿಡೀ ಓಡಿ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ವಾಸ್ಡೇಲ್ ತಲುಪಿದ. ಇಂಗ್ಲೆಂಡಿನ ಅತಿ ಆಳದ ಸರೋವರವಿರುವ ಕಣಿವೆ ಅದು. ನಿಸರ್ಗಕ್ಕೆ ಸೋಲದವರಿಲ್ಲ; ಆದರೆ ಅಲ್ಲಿಗೆ ಬಂದ ಓಟಗಾರನಿಗೆ ಕಾಣುವುದು ಎದುರಿಗೇ ಗೋಡೆಯಂತೆ ಎದ್ದ ಯೂಬ್ಯಾರೋ ಬೆಟ್ಟ ಒಂದೇ. ಎಷ್ಟೋ ಜನ ಕೈಚೆಲ್ಲುವುದು ಇಲ್ಲಿಯೇ. ನಾನು ಅವನಿಗಾಗಿ ಮಡಿಸುವ ಕುರ್ಚಿ ಹಾಕಿದ್ದೆ, ಕಂಬಳಿ ಹಾಸಿದ್ದೆ. ಅವನು ಕುಸಿದು ಕೂತ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮುಖ ನೋಡಿ ನನ್ನ ಕರುಳು ಚುರ್ ಎಂದಿತು. "ಸಾಕು ಮಾರಾಯ, ಇಷ್ಟಾದದ್ದೇ ದೊಡ್ಡದು" ಎಂದೆ. ನಲವತ್ತು ನಿಮಿಷ ಕೂತವನು ಮೇಲೇಳಲಿಲ್ಲ. ಗಡುವಿಗೆ ಇನ್ನೂ ಬೇಕಾದಷ್ಟು ವೇಳೆಯಿತ್ತು. ದಾರಿಯುದ್ದಕ್ಕೂ ಕಾರಿನಲ್ಲಿ ಅವನು ಮಾತಾಡಲಿಲ್ಲ. ಕೆಸ್ವಿಕ್‌ನಲ್ಲಿ ಇಳಿಯುವಾಗ ಇಷ್ಟು ಮಾತ್ರ ಹೇಳಿದ: "ನಿನಗೆ ನನ್ನನ್ನು ನೋಡಲಾಗಲಿಲ್ಲ, ಅದಕ್ಕೆ ನಿಲ್ಲಿಸಿದೆ."

ನಾನು ಅವನ ಮೇಲೆ ಕೋಪಗೊಂಡೆ. ಒಂದು ರಾತ್ರಿ, ಒಂದು ಹಗಲು ನಿದ್ದೆಗೆಟ್ಟವನಿಗೆ ಇದೇ ಕೃತಜ್ಞತೆಯೇ ಎಂದುಕೊಂಡೆ. ಕೋಪ ಇಳಿಯಲು ಕೆಲವು ವಾರ ಬೇಕಾಯಿತು. ಇಳಿದ ಮೇಲೆ ನೋಡಿದರೆ ಅವನ ಮಾತು ಸರಿಯಾಗಿಯೇ ಇತ್ತು. ಅವನು ತೊದಲಿರಲಿಲ್ಲ. ದಣಿದಿದ್ದ, ಅಷ್ಟೆ. ಸಂಕಟ ತಡೆಯಲಾಗದೆ ಹೋದದ್ದು ನನಗೆ.

2019ರ ಜೂನ್‌ನಲ್ಲಿ ಮತ್ತೆ ಹೊರಟ. ಈ ಸಲ ಮಳೆ. ಡನ್‌ಮೇಲ್‌ನಲ್ಲಿ ಬೆಳಗಿನ ಜಾವ ಮೂರೂವರೆಗೆ, ನಸುಬೆಳಕಿನಲ್ಲಿ, ಎದುರಿನ ಬೆಟ್ಟದಿಂದ ಮೂರು ದೀಪಗಳು ಜಾರುತ್ತ ಇಳಿದದ್ದನ್ನು ನಾನು ಮರೆಯಲಾರೆ. ವಾಸ್ಡೇಲ್‌ಗೆ ಬಂದಾಗ ಹತ್ತೂ ಐವತ್ತು, ಅಂದುಕೊಂಡದ್ದಕ್ಕಿಂತ ಇಪ್ಪತ್ತು ನಿಮಿಷ ತಡ. ಮೈ ತೊಯ್ದು ತೊಪ್ಪೆಯಾಗಿತ್ತು. ಕುರ್ಚಿ ಹುಡುಕಿದ. ನಾನು ಅದನ್ನು ಕಾರಿನೊಳಗೇ ಬಿಟ್ಟಿದ್ದೆ. ಕಲ್ಲಿನ ಮೇಲೆ ಕೂತ. ಸಿಹಿ ತಿಂಡಿ ಯಾವುದೂ ಗಂಟಲಿಳಿಯಲಿಲ್ಲ. ನನಗೆಂದು ಕಲಸಿಕೊಂಡಿದ್ದ ಮೊಸರನ್ನದ ಡಬ್ಬಿ ಕಂಡು "ಅದೇನು?" ಎಂದ. ಉಪ್ಪು ಮುಂದಾಗಿದ್ದ ಮೊಸರನ್ನ. ಐದಾರು ಚಮಚ ತಿಂದ. ಆಮೇಲೆ, ನಾನು ಹೆದರಿದ್ದ ಮಾತೇ ಬಂತು: "ನನ್ನಿಂದ ಆಗದು."

"ಮುಂದಿನ ಮೂರು ಬೆಟ್ಟದ ಹೆಸರು ಹೇಳು" ಎಂದೆ. ಅವನು ನನ್ನನ್ನು ದುರುಗುಟ್ಟಿ ನೋಡಿ, "ಯೂಬ್ಯಾರೋ, ರೆಡ್ ಪೈಕ್, ಸ್ಟೀಪಲ್" ಎಂದ. ತಡವರಿಸಲಿಲ್ಲ. ಅವನು ನಡುಗುತ್ತಿದ್ದಾನೆಯೇ ಎಂದು ಕೈ ಹಿಡಿದು ನೋಡಿದೆ. ಒಣ ಅಂಗಿ ತೊಡಿಸಿದೆ, ಟೊಪ್ಪಿಗೆ ಹಾಕಿದೆ. "ಏಳು" ಎಂದೆ. ಮತ್ತೊಂದು ಮಾತು ಸೇರಿಸಲಿಲ್ಲ. ಸೇರಿಸಿದ್ದರೆ ನನ್ನ ದನಿಯೇ ಕೈಕೊಡುತ್ತಿತ್ತು. ಅನುಭವಿ ಜೊತೆಗಾರರಿಬ್ಬರ ನಡುವೆ ಅವನು ಮಂಜಿನೊಳಗೆ ಮರೆಯಾದ.

ಓದುಗರೆ, ಆಮೇಲಿನ ಐದು ಗಂಟೆಗಳ ಬಗ್ಗೆ ನಿಮಗೆ ಏನು ಹೇಳಲಿ? ಹಾನಿಸ್ಟರ್‌ಗೆ ಕಾರು ಓಡಿಸುತ್ತ, ಕಾರು ನಿಲ್ಲಿಸಿ ಕಾಯುತ್ತ, ನನಗಿದ್ದದ್ದು ಒಂದೇ ಯೋಚನೆ. ಹೋದ ವರ್ಷ ನಿಲ್ಲಿಸಿದ್ದು ತಪ್ಪಾಯಿತು, ಸರಿ. ಈ ವರ್ಷ ಎಬ್ಬಿಸಿ ಕಳಿಸಿದ್ದು ತಪ್ಪಾದರೆ? ಆ ಒದ್ದೆ ಬಂಡೆಯ ಮೇಲೆ ಕಾಲು ಜಾರಿದರೆ ಅವನ ಹೆಂಡತಿಗೆ ಏನೆಂದು ಹೇಳಲಿ? ಹೆಸರು ಕೇಳಿದ್ದು, ಕೈ ಹಿಡಿದು ನೋಡಿದ್ದು, ಇವಿಷ್ಟೇ ನನ್ನ ಕೈಯಲ್ಲಿದ್ದ ಆಧಾರ. ಮೂರೂವರೆಗೆ ಬರಬೇಕಾದವನು ಬರಲಿಲ್ಲ. ಚಹಾ ಎರಡು ಸಲ ಆರಿತು. ನಾಲ್ಕಕ್ಕೆ, ಮೋಡದ ಅಂಚಿನಿಂದ ಬಣ್ಣದ ಅಂಗಿಗಳು ಕಂಡವು. ಎಣಿಸಿದೆ. ಮೂರು.

ಅವನು ನಿಲ್ಲದೆಯೇ ಚಹಾ ಕುಡಿದು ಹೋದ. ಇನ್ನು ಉಳಿದದ್ದು ಮೂರೇ ಶಿಖರ, ಆಮೇಲೆ ಊರಿನವರೆಗೆ ರಸ್ತೆ. ಆರೂ ನಲವತ್ತಾರಕ್ಕೆ, ಗಡುವಿಗೆ ಹದಿನಾಲ್ಕು ನಿಮಿಷ ಇರುವಾಗ, ಮೂಟ್ ಹಾಲ್‌ನ ಬಾಗಿಲಿಗೆ ಕೈ ಚಾಚಿ ಹಣೆ ಒರಗಿಸಿ ನಿಂತ. ಸಂತೆಬೀದಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಪ್ರವಾಸಿಗರು ಏನೆಂದು ತಿಳಿಯದೆಯೂ ಚಪ್ಪಾಳೆ ತಟ್ಟಿದರು. ನನ್ನನ್ನು ತಬ್ಬಿಕೊಳ್ಳುವನೆಂದು ಹತ್ತಿರ ಹೋದೆ. "ಆ ಅನ್ನ ಉಳಿದಿದೆಯೇ?" ಎಂದು ಕೇಳಿದ.

ಒಬ್ಬರಿಂದ ಪಡೆದ ಸಹಾಯವನ್ನು ಇನ್ನೊಬ್ಬರಿಗೆ ಸಲ್ಲಿಸುವುದು ಆ ಬೆಟ್ಟಗಳ ವಾಡಿಕೆ. 2021ರಲ್ಲಿ ಅವನ ಪರಿಚಯದ ಒಬ್ಬಾಕೆ ಈ ಸುತ್ತಿಗೆ ಇಳಿದಾಗ, ರಾತ್ರಿಯ ಹಾದಿಯಲ್ಲಿ ಆಕೆಯ ಗಂಟು ಹೊತ್ತು ಓಡಿದವನು ನನ್ನ ಗೆಳೆಯ. ವಾಸ್ಡೇಲ್‌ನ ಹೊಣೆ ನನಗೆ ಬಂತು. ಹಿಂದಿನ ದಿನ ಫೋನ್ ಮಾಡಿ ನೆನಪಿಸಿದ: "ಅನ್ನ ಹೆಚ್ಚಿಗೆ ಮಾಡಿ ತಾ. ಕುರ್ಚಿ ತರಬೇಡ."