ಮನೆ ನೋಡುವುದಕ್ಕೆ ಮುಂಚೆ ನೋಡಬೇಕಾದ ಕಾಗದ

(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಬಂದ ನಮ್ಮವರಲ್ಲಿ ಬಹುಮಂದಿ ಹತ್ತು ಹದಿನೈದು ವರ್ಷ ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಕೂಡಿ ಕಾಲ ಕಳೆದು, ಕಡೆಗೆ ಡೊಂಬಿವಲಿಯಲ್ಲೋ ವಿರಾರದಲ್ಲೋ ಒಂದು ಪುಟ್ಟ ಫ್ಲ್ಯಾಟು ಕೊಳ್ಳುವ ಆಸೆ ಹೊತ್ತವರು. ಮನೆ ಮೆಚ್ಚಿದೊಡನೆ ಮುಂಗಡ ಕೊಟ್ಟುಬಿಡುತ್ತಾರೆ. ಬ್ಯಾಂಕಿಗೆ ಹೋಗುವುದು ಆಮೇಲೆ. ಅಲ್ಲಿ ‘ನಿಮ್ಮ ಸ್ಕೋರು ಸಾಲದು’ ಎಂದರೆ ಸಾಲವೂ ಇಲ್ಲ, ಮುಂಗಡ ಮರಳುವ ಭರವಸೆಯೂ ಇಲ್ಲ. ಈ ಕ್ರಮವನ್ನು ತಿರುಗಿಸಿರಿ ಎಂದು ಹೇಳುವುದಕ್ಕೇ ನಾನು ನಿಂತಿರುವುದು. ಹಾಸಿಗೆ ಇದ್ದಷ್ಟು ಕಾಲು ಚಾಚಿರೆಂಬ ಉಪದೇಶಕ್ಕಲ್ಲ; ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಸ್ಕೋರು ಎಂದರೆ ನೀವು ತೆಗೆದ ಸಾಲ, ಕಟ್ಟಿದ ಕಂತು, ತಪ್ಪಿದ ದಿನ ಇವುಗಳಿಂದ ಲೆಕ್ಕ ಹಾಕಿದ, 300 ರಿಂದ 900 ರೊಳಗಿನ ಒಂದು ಅಂಕ. ಸಂಬಳ, ಉಳಿತಾಯ ಅದರಲ್ಲಿ ಸೇರುವುದಿಲ್ಲ. 2005 ರ ಕಾಯಿದೆಯ ಮೇರೆಗೆ ಈ ಲೆಕ್ಕವಿಡುವ ಕಂಪನಿಗಳು ನಾಲ್ಕು. ಅವುಗಳಲ್ಲಿ ಸಿಬಿಲ್ ಹೆಸರು ಎಲ್ಲರ ಬಾಯಲ್ಲಿದೆ. ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016 ರಲ್ಲಿ ಆಜ್ಞೆ ಮಾಡಿತು. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯದು. 750 ದಾಟಿದವರನ್ನು ಬ್ಯಾಂಕುಗಳು ಸಾಮಾನ್ಯವಾಗಿ ನಗುಮುಖದಿಂದ ಮಾತಾಡಿಸುತ್ತವೆ. ಅಂಕ ಕಡಮೆಯಾದರೆ ಬಡ್ಡಿ ಏರುವುದುಂಟು. 20 ವರ್ಷದ 25 ಲಕ್ಷ ಸಾಲಕ್ಕೆ ಶೇಕಡಾ 8.5 ರಂತೆ ತಿಂಗಳ ಕಂತು ಸುಮಾರು 21,700 ರೂಪಾಯಿ, 9.5 ಆದರೆ 23,300. ಕಡೆಯವರೆಗೆ ಕಟ್ಟಿದರೆ ವ್ಯತ್ಯಾಸ 3 ಲಕ್ಷ 85 ಸಾವಿರದಷ್ಟು!

ವರದಿ ಕೈಗೆ ಬಂದಮೇಲೆ ಮೊದಲು ಹೆಸರು ನೋಡಿರಿ. ನಮ್ಮ ಇನಿಷಿಯಲ್ಲುಗಳು ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ಹೀಗಾಗಿ ಬೇರೊಬ್ಬ ರಾವ್ ಅಥವಾ ಶೆಟ್ಟರ ಸಾಲ ನಿಮ್ಮ ಲೆಕ್ಕಕ್ಕೆ ಬಂದು ಕುಳಿತಿರಬಹುದು. ತಪ್ಪಿದ್ದರೆ ದೂರು ಕೊಡಿರಿ, ಖರ್ಚಿಲ್ಲ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದು 2023 ರಲ್ಲಿ ಗೊತ್ತುಮಾಡಲಾಗಿದೆ.

ಎರಡನೆಯದು ‘ಸೆಟಲ್ಡ್’ ಎಂಬ ಮಾತು. ಕಾಹಿಲೆಯೋ ಕೆಲಸ ಹೋದುದೋ ಕಾರಣವಾಗಿ ಕಾರ್ಡಿನ ಬಾಕಿ ನಿಂತಿರುತ್ತದೆ. ವಸೂಲಿಯವನು ಬಂದು ‘ಅರ್ಧ ಕೊಡಿ, ಮುಗಿಸೋಣ’ ಎನ್ನುತ್ತಾನೆ. ನಾವು ಮುಗಿಯಿತೆಂದು ತಿಳಿಯುತ್ತೇವೆ. ಲೆಕ್ಕದಲ್ಲಿ ಮಾತ್ರ ಅದು ‘ಕ್ಲೋಸ್ಡ್’ ಅಲ್ಲ, ಪೂರ್ತಿ ತೀರದೆ ರಾಜಿಯಾದ ಸಾಲ. ಬಿಟ್ಟ ಮೊತ್ತವನ್ನು ಈಗ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ದಾಖಲೆ ಬದಲಿಸಲು ಆ ಬ್ಯಾಂಕನ್ನೇ ಕೇಳಬೇಕು.

ಮೂರನೆಯದು ಜಾಮೀನು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ನಮ್ಮ ಜನಕ್ಕೆ ಹತ್ತಿರದ ಮಾತು. ಊರಿನ ಹುಡುಗ ಗಾಡಿಗೆ ಸಾಲ ತೆಗೆಯುತ್ತಾನೆ. ದಾಕ್ಷಿಣ್ಯಕ್ಕೆ ನಾವು ರುಜು ಹಾಕುತ್ತೇವೆ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರನಿಗಿರುವಷ್ಟೇ ಹೊಣೆ ಜಾಮೀನುದಾರನಿಗೂ ಇದೆಯೆಂದು 1872 ರ ಕರಾರು ಕಾಯಿದೆ ಹೇಳುತ್ತದೆ. ಆ ಸಾಲ ನಿಮ್ಮ ವರದಿಯಲ್ಲೂ ಕಾಣಿಸುತ್ತದೆ. ಅವನು ಕಂತು ತಪ್ಪಿದರೆ ಪೆಟ್ಟು ನಿಮಗೂ. ಜಾಮೀನು ನಿಲ್ಲಲೇಬೇಡಿರೆಂದು ನಾನು ಹೇಳಲಾರೆ. ಹಾಗೆ ನಿಂತವರಿಂದಲೇ ನಮ್ಮಲ್ಲಿ ಎಷ್ಟೋ ಮಂದಿ ಈ ಊರಿನಲ್ಲಿ ಬೇರೂರಿದ್ದೇವೆ. ಆದರೆ ತಿಂಗಳಿಗೊಮ್ಮೆ ಕಂತಿನ ರಶೀದಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಅವನ ಬದಲು ನೀವೇ ಕಟ್ಟಬೇಕಾಗಿ ಬಂದರೆ ರಶೀದಿ ಇಟ್ಟುಕೊಳ್ಳಿರಿ. ಅದನ್ನು ಅವನಿಂದ ವಸೂಲು ಮಾಡುವ ಹಕ್ಕನ್ನೂ ಅದೇ ಕಾಯಿದೆ ಕೊಟ್ಟಿದೆ.

ಉಳಿದುದು ಸುಲಭ. ಕಂತು ಕಟ್ಟುವ ದಿನ ತಪ್ಪಬಾರದು. ಕಾರ್ಡಿನ ‘ಕನಿಷ್ಠ ಮೊತ್ತ’ ಕಟ್ಟಿ ಸುಮ್ಮನಾದರೆ ಮಿಕ್ಕ ಬಾಕಿಗೆ ಭಾರಿ ಬಡ್ಡಿ ಬೆಳೆಯುತ್ತದೆ. ಮಿತಿಯ ಮೂರರಲ್ಲೊಂದು ಪಾಲಿನೊಳಗೆ ಖರ್ಚು ಇರಲಿ. ಒಂದೇ ವಾರದಲ್ಲಿ ಐದು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿರಿ. ಪ್ರತಿಯೊಂದು ವಿಚಾರಣೆಯೂ ದಾಖಲಾಗುತ್ತದೆ. ದುಡ್ಡು ಕೊಟ್ಟರೆ ಅಂಕ ಏರಿಸಿಕೊಡುತ್ತೇವೆಂಬ ಅಂಗಡಿಗಳಿಗೆ ಹೋಗಲೇಬೇಡಿರಿ. ಸಾಲ ಕೊಟ್ಟ ಬ್ಯಾಂಕು ಒಪ್ಪದೆ ದಾಖಲೆಯ ಒಂದಕ್ಷರವೂ ಬದಲಾಗದು.

ಎಷ್ಟು ಕಾಲ ಬೇಕೆಂದು ಕೇಳುತ್ತೀರಿ. 2025 ರಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಕಳಿಸಬೇಕಾಗಿರುವುದರಿಂದ, ಬರಿಯ ತಪ್ಪು ದಾಖಲೆಯಾದರೆ ಬೇಗ ಸರಿಹೋಗುತ್ತದೆ. ನಿಜವಾಗಿ ತಪ್ಪಿದ ಕಂತುಗಳು ಹಾಗಲ್ಲ. ಸಿಬಿಲ್ ವರದಿ 36 ತಿಂಗಳ ಕಂತಿನ ಚರಿತ್ರೆಯನ್ನು ತೋರಿಸುತ್ತದೆ. ಆದುದರಿಂದ ಮನೆಯ ಯೋಚನೆ ಬಂದ ದಿನವೇ, ಮುಂಗಡಕ್ಕೆ ಒಂದು ವರ್ಷ ಮುಂಚೆಯೇ, ವರದಿ ತರಿಸಿರಿ.

ವರದಿ ಇಂಗ್ಲಿಷಿನಲ್ಲಿರುತ್ತದೆ. ಓದಲು ತೊಡಕಾದವರು ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ. ಪಾನ್ ಮತ್ತು ಖಾತೆಯ ಅಂಕೆಗಳನ್ನು ಮಾತ್ರ ಮುಚ್ಚಿಕೊಂಡು ತನ್ನಿರಿ.