ಕಾಪುವಿನ ದೀಪಸ್ತಂಭ

(ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಚಾಮರಾಜನಗರ, ಗುಂಡ್ಲುಪೇಟೆಗಳ ಈ ಸೀಮೆಯಿಂದ ಸಮುದ್ರವು ಬಹುದೂರ. ಹೀಗಿರುವಾಗ ಈ ಶುಭದಿನದಂದು ಕಡಲತೀರದ ದೀಪಸ್ತಂಭವೊಂದರ ಚರಿತ್ರೆಯನ್ನು ಹೇಳಹೊರಟಿರುವುದೇಕೆಂದು ತಾವು ಕೇಳಬಹುದು. ಆದರೆ ಕಾವಲು ಎಂದರೇನೆಂಬುದನ್ನು ತಮಗೆ ಯಾರೂ ಕಲಿಸಬೇಕಾಗಿಲ್ಲ. ಬಂಡೀಪುರದ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗಳಿಂದ ಬೆಳೆಯನ್ನು ಉಳಿಸಿಕೊಳ್ಳಲು ಅಟ್ಟಣೆಯೇರಿ ರಾತ್ರಿಯಿಡೀ ಎಚ್ಚರವಿದ್ದವರು ನಮ್ಮ ನಡುವೆಯೇ ಇದ್ದಾರೆ. ನಾವು ಹೇಳಲಿರುವುದೂ ಅಂಥದೇ ಒಂದು ಅಟ್ಟಣೆಯ ಕಥೆ. ಅದು ನಿಂತಿರುವುದು ಬಂಡೆಯ ಮೇಲೆ. ಅದು ಕಾಯುವ ಹೊಲ ಅರಬ್ಬೀ ಸಮುದ್ರ.

ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ ಕಾಪು ಎಂಬ ಊರಿದೆ. 'ಕಾಪು' ಎಂಬ ಹಳೆಯ ಕನ್ನಡ ಮಾತಿಗೆ ಕಾವಲು, ರಕ್ಷಣೆ ಎಂದೇ ಅರ್ಥ. ಆ ಸೀಮೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1901ರಲ್ಲಿ, ಅಲ್ಲಿಯ ಕಡಲಂಚಿನ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಲಾಯಿತು. ಅದರ ಎತ್ತರ ಸುಮಾರು 27 ಮೀಟರ್. ಅದರ ಉತ್ತರಕ್ಕೆ ಮಲ್ಪೆಯ ಮೀನುಗಾರಿಕೆ ಬಂದರು; ಬಂದರಿನ ಎದುರಿಗೆ ಕಡಲಿನಲ್ಲಿ ಕಪ್ಪು ಶಿಲಾಕಂಬಗಳ ಸಂತ ಮರಿಯಮ್ಮನವರ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮನು ಆ ಹೆಸರನ್ನಿಟ್ಟನೆಂದು ಪ್ರತೀತಿ. ಹಗಲಿನಲ್ಲಿ ನೋಡಲು ಸುಂದರವಾದ ಆ ಬಂಡೆಗಳೇ ಇರುಳಿನಲ್ಲಿ ದೋಣಿಗಳಿಗೆ ಮೃತ್ಯುಸಮಾನ.

ಹಿಂದಿನ ಕಾಲದ ದೀಪಸ್ತಂಭಗಳಲ್ಲಿ ಉರಿಯುತ್ತಿದ್ದುದು ಎಣ್ಣೆಯ ದೀಪ. ಅಷ್ಟು ಸಣ್ಣ ಬೆಳಕು ಮೈಲಿಗಟ್ಟಲೆ ದೂರ ಹೋದದ್ದು ಫ್ರೆಂಚ್ ವಿಜ್ಞಾನಿ ಫ್ರೆನೆಲ್ ರೂಪಿಸಿದ ಗಾಜಿನ ಮಸೂರದಿಂದ. ಸುತ್ತಲೂ ಚದುರಿಹೋಗುವ ಕಿರಣಗಳನ್ನು ಗಾಜಿನ ಬಳೆಗಳು ಬಾಗಿಸಿ ಒಂದೇ ದಿಕ್ಕಿಗೆ ಕಳುಹಿಸುತ್ತವೆ. 1823ರಲ್ಲಿ ಫ್ರಾನ್ಸಿನ ಕೋರ್ಡುವಾನ್ ದೀಪಸ್ತಂಭದಲ್ಲಿ ಇದು ಮೊದಲು ಬೆಳಗಿತು. ಪ್ರತಿಯೊಂದು ದೀಪಸ್ತಂಭಕ್ಕೂ ಮಿನುಗುವ ತನ್ನದೇ ಲಯವುಂಟು. ಅದನ್ನು ಎಣಿಸಿಯೇ ನಾವಿಕನು ತಾನಿರುವ ಸ್ಥಳವನ್ನು ತಿಳಿಯುತ್ತಾನೆ. ಆದ್ದರಿಂದ ಒಂದು ದಿನ ಒಂದು ರೀತಿ, ಮರುದಿನ ಇನ್ನೊಂದು ರೀತಿ ಬೆಳಗುವ ದೀಪವು ದೀಪವಿಲ್ಲದಿರುವುದಕ್ಕಿಂತಲೂ ಅಪಾಯಕರ.

ನಾವು ಮಂಗಳೂರಿನ ಗುರುಮಠದಲ್ಲಿ ಓದುತ್ತಿದ್ದಾಗ ಒಮ್ಮೆ ಕಾಪುವಿಗೆ ಹೋಗಿದ್ದೆವು. ದೀಪವು 'ಇತ್ತ ಬನ್ನಿ' ಎಂದು ದೋಣಿಗಳನ್ನು ಕರೆಯುತ್ತದೆಂದು ನಾವು ಆಡಿದ ಮಾತನ್ನು ಕೇಳಿ ಅಲ್ಲಿಯ ಕಾವಲುಗಾರರು ನಕ್ಕರು. "ಅಲ್ಲ ಬ್ರದರ್, ಇಲ್ಲಿ ಬಂಡೆಯಿದೆ, ದೂರವಿರಿ ಎಂದು ಹೇಳುವ ದೀಪ ಇದು" ಎಂದರು. ಈವರೆಗೆ ಎಷ್ಟು ದೋಣಿಗಳನ್ನು ಇದು ಉಳಿಸಿರಬಹುದೆಂದು ಕೇಳಿದೆವು. "ಒಡೆದ ದೋಣಿಯ ಲೆಕ್ಕ ಊರಿಗೆಲ್ಲ ಗೊತ್ತಾಗುತ್ತದೆ. ಉಳಿದ ದೋಣಿಯ ಲೆಕ್ಕ ಉಳಿದವರಿಗೂ ಗೊತ್ತಿರುವುದಿಲ್ಲ" ಎಂದರು. ನಲವತ್ತು ವರ್ಷಗಳಾದರೂ ಆ ಮಾತನ್ನು ನಾವು ಮರೆತಿಲ್ಲ.

ಆದರೆ ದೀಪಕ್ಕೂ ಮಿತಿಯುಂಟು. ಭೂಮಿ ದುಂಡಗಿರುವುದರಿಂದ, ಸಮುದ್ರಮಟ್ಟಕ್ಕಿಂತ 25 ಮೀಟರ್ ಎತ್ತರದಲ್ಲಿರುವ ದೀಪವು ನೀರಿನ ಮಟ್ಟದ ಕಣ್ಣಿಗೆ ಕಾಣುವುದು ಸುಮಾರು 18 ಕಿ.ಮೀ. ವರೆಗೆ ಮಾತ್ರ. ಇಂದಿನ ಬೋಟುಗಳು ಅದನ್ನು ದಾಟಿ ಬಹುದೂರ ಹೋಗುತ್ತವೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಂದಿಗೆ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನಲ್ಲಿ ಕಣ್ಮರೆಯಾಯಿತು. ಬೋಟಿನಲ್ಲಿ ಯಂತ್ರಗಳಿದ್ದರೂ, ಕರಾವಳಿಯುದ್ದಕ್ಕೂ ದೀಪಗಳು ಬೆಳಗುತ್ತಿದ್ದರೂ ಆ ಏಳು ಮಂದಿ ಹಿಂದಿರುಗಲಿಲ್ಲ. 2019ರ ಜನವರಿಯಲ್ಲಿ ಮಲ್ಪೆಯ ಸಾವಿರಾರು ಮೀನುಗಾರರು ಕೆಲಸವನ್ನು ನಿಲ್ಲಿಸಿ ಬೀದಿಗಿಳಿದು, ಅವರನ್ನು ಹುಡುಕಿಕೊಡಬೇಕೆಂದು ಒತ್ತಾಯಿಸಿದರು. ಆ ವರ್ಷದ ಮೇ ತಿಂಗಳಲ್ಲಿ ನೌಕಾದಳವು ಬೋಟಿನ ಅವಶೇಷಗಳನ್ನು ಕಡಲಿನ ತಳದಲ್ಲಿ ಪತ್ತೆಮಾಡಿತು.

ಪ್ರಿಯರೇ, ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಲೆಕ್ಕವನ್ನು ಈ ಸಂಚಿಕೆಯಲ್ಲಿ ತಾವು ಓದುವಿರಿ. ಎಷ್ಟು ಜ್ಞಾನಸ್ನಾನಗಳು, ಎಷ್ಟು ವಿವಾಹಗಳು ಎಂಬುದು ಅದರಲ್ಲಿ ಇರಬಹುದು. ಆದರೆ ಒಬ್ಬ ಉಪದೇಶಿಯ ಎಚ್ಚರಿಕೆಯ ಮಾತಿನಿಂದ, ಸಂಜೆ ತಪ್ಪದೆ ಜಪಸರ ಹಿಡಿದು ಕುಳಿತ ಒಬ್ಬ ತಾಯಿಯಿಂದ, ಬಂಡೆಗೆ ಬಡಿಯದೆ ಉಳಿದ ಬಾಳುಗಳೆಷ್ಟು ಎಂಬುದು ಯಾವ ದಾಖಲೆಯಲ್ಲಿಯೂ ಇಲ್ಲ. ಅದು ಉಳಿದವರಿಗೂ ಗೊತ್ತಿಲ್ಲ. ಅವರೆಲ್ಲರಿಗೂ ಇಂದು ನಾವು ತಲೆಬಾಗುತ್ತೇವೆ.

ಜೊತೆಗೆ ಒಂದು ತಪ್ಪೊಪ್ಪಿಗೆಯೂ ಉಂಟು. ಕೂಲಿಗಾಗಿ, ಕೆಲಸಕ್ಕಾಗಿ ಊರು ಬಿಟ್ಟುಹೋದ ನಮ್ಮ ಮಕ್ಕಳು ಅನೇಕರು. ದೇವಾಲಯದ ದೀಪವು ಉರಿಯುತ್ತಿದೆಯಲ್ಲ, ಹಬ್ಬಕ್ಕೆ ತಾವಾಗಿ ಬರುತ್ತಾರೆಂದು ನಾವು ಕಾದು ಕುಳಿತೆವು. ಕೆಲವರು ಬರಲಿಲ್ಲ. ಅವರೆಲ್ಲಿದ್ದಾರೆಂದು ನಾವು ವಿಚಾರಿಸಲೂ ಇಲ್ಲ. ದೀಪವು ನಿಂತಲ್ಲಿಯೇ ನಿಲ್ಲಬೇಕು, ಅದು ಅದರ ಧರ್ಮ. ಆದರೆ ದೀಪವು ಮುಟ್ಟದ ಕಡೆಗೆ ಮನುಷ್ಯರೇ ಹೋಗಬೇಕು. ಮಲ್ಪೆಯ ಬಡ ಮೀನುಗಾರರು ತಮ್ಮ ಏಳು ಮಂದಿಯನ್ನು ಮರೆಯಲಿಲ್ಲ. ಇಂದು ಮನೆಗೆ ಹೋದಾಗ, ತಮ್ಮ ಬೀದಿಯಿಂದ ಹೋಗಿ ಹಿಂದಿರುಗದ ಒಬ್ಬರ ಹೆಸರನ್ನು ನೆನೆಯಿರಿ. ಅವರ ಸಮಾಚಾರವನ್ನು ವಿಚಾರಿಸಿರಿ. ಎರಡನೆಯ ಶತಮಾನವನ್ನು ನಾವು ಆ ಕೆಲಸದಿಂದಲೇ ಆರಂಭಿಸೋಣ.

ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.